ಬಜೆಟ್ ಪುಸ್ತಕದಿಂದ ಊರ ಶಾಲೆಯವರೆಗೆ: ಸರ್ಕಾರದ ಹಣದ ಹಾದಿ ಹಿಡಿಯುವುದು ಹೇಗೆ?

ರಾಜ್ಯ ಬಜೆಟ್ ಮಂಡನೆಯಾದ ಮರುದಿನ ರಾಯಚೂರು, ಕೊಪ್ಪಳ, ಬಳ್ಳಾರಿಯ ಪತ್ರಿಕಾ ಪುಟಗಳಲ್ಲಿ ಜಿಲ್ಲೆಗೆ ಸಿಕ್ಕಿದ್ದೇನು, ಕೈತಪ್ಪಿದ್ದೇನು ಎಂಬ ಪಟ್ಟಿ ಇದ್ದೇ ಇರುತ್ತದೆ. ಚಹಾದಂಗಡಿಯಲ್ಲಿ ಒಂದು ವಾರ ಅದೇ ಮಾತು. ಹೋದ ವರ್ಷದ ಪಟ್ಟಿಯಲ್ಲಿದ್ದ ಹಣ ಬಂತೇ, ಬಂದದ್ದು ಯಾರ ಕೈ ಸೇರಿತು, ಏನು ಕಟ್ಟಿದರು ಎಂದು ಕೇಳುವವರು ಮಾತ್ರ ಕಡಿಮೆ. ಕೇಳಬೇಕೆಂಬ ಆಸೆ ಬಹಳ ಜನರಿಗಿದೆ. ಎಲ್ಲಿಂದ ಹಿಡಿಯಬೇಕು ಎಂಬುದು ಗೊತ್ತಿಲ್ಲದೆ ಬಿಡುತ್ತಾರೆ. ಅವರಿಗಾಗಿಯೇ ಈ ಮಾರ್ಗದರ್ಶಿ. ಲೆಕ್ಕಪತ್ರ ಓದಿರಬೇಕಿಲ್ಲ. ಕೂಡುವುದು, ಕಳೆಯುವುದು, ಶೇಕಡಾ ಹಾಕುವುದು ಬಂದರೆ ಸಾಕು.

ಮೊದಲೇ ನಾಲ್ಕು ಪದ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಘೋಷಣೆ, ಹಂಚಿಕೆ, ಬಿಡುಗಡೆ, ವೆಚ್ಚ. ಘೋಷಣೆ ಭಾಷಣದಲ್ಲಿ ಇರುತ್ತದೆ. ಹಂಚಿಕೆ ಬಜೆಟ್ ಪುಸ್ತಕದ ಸಾಲಿನಲ್ಲಿ, ಬಿಡುಗಡೆ ಸರ್ಕಾರದ ಆದೇಶದಲ್ಲಿ, ವೆಚ್ಚ ಖಜಾನೆಯ ಲೆಕ್ಕದಲ್ಲಿ. ಈ ನಾಲ್ಕೂ ಒಂದೇ ಮೊತ್ತವಾಗಿರುವುದು ಅಪರೂಪ. ಯಾರಾದರೂ "ನಿಮ್ಮ ತಾಲೂಕಿಗೆ ಇಷ್ಟು ಕೋಟಿ ಕೊಟ್ಟಿದ್ದೇವೆ" ಎಂದರೆ ನಾಲ್ಕರಲ್ಲಿ ಯಾವ ಮೊತ್ತ ಹೇಳುತ್ತಿದ್ದೀರಿ ಎಂದು ಕೇಳಿ. ಈ ಒಂದು ಪ್ರಶ್ನೆಗೇ ಅರ್ಧ ಚರ್ಚೆ ತಿಳಿಯಾಗುತ್ತದೆ.

ಹಂತ 1: ಒಂದೇ ವಿಷಯ ಆರಿಸಿಕೊಳ್ಳಿ

ಇಡೀ ಬಜೆಟ್ ಓದಲು ಹೋಗಬೇಡಿ. 2025ರ ಮಾರ್ಚ್ 7ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಮಂಡಿಸಿದ 2025-26ರ ಬಜೆಟ್ಟಿನ ಗಾತ್ರ 4,09,549 ಕೋಟಿ ರೂಪಾಯಿ. ಅದನ್ನು ಒಬ್ಬರು ಕೂತು ಅರಗಿಸಿಕೊಳ್ಳಲಾಗದು. ನಿಮ್ಮ ಊರಿಗೆ ತಟ್ಟುವ ಒಂದನ್ನು ಹಿಡಿಯಿರಿ: ದೇವದುರ್ಗ ತಾಲೂಕಿನ ಹಳ್ಳಿಯ ಶಾಲಾ ಕೊಠಡಿ, ಸಿರವಾರದ ಕಡೆ ತುಂಗಭದ್ರಾ ಎಡದಂಡೆ ನಾಲೆಯ ತುದಿ ಭಾಗದ ದುರಸ್ತಿ, ಕುಷ್ಟಗಿಯ ಕುಡಿಯುವ ನೀರಿನ ಯೋಜನೆ, ಸಂಡೂರಿನ ಆರೋಗ್ಯ ಕೇಂದ್ರ. ಪ್ರಶ್ನೆ ಹಿಡಿಯಷ್ಟು ಚಿಕ್ಕದಿದ್ದರೆ ಉತ್ತರ ತಪ್ಪಿಸಿಕೊಳ್ಳುವುದು ಕಷ್ಟ. "ಶಿಕ್ಷಣಕ್ಕೆ ಎಷ್ಟು ಕೊಟ್ಟಿರಿ?" ಎಂದರೆ ಸಾವಿರ ಕೋಟಿಗಳ ಲೆಕ್ಕ ಬರುತ್ತದೆ. "ಈ ಊರಿನ ಎರಡು ಕೊಠಡಿಗೆ ಯಾವ ಲೆಕ್ಕಶೀರ್ಷಿಕೆಯಲ್ಲಿ, ಯಾವ ತಾರೀಖಿನಂದು, ಎಷ್ಟು ಬಿಡುಗಡೆಯಾಯಿತು?" ಎಂದರೆ ಅಧಿಕಾರಿ ಕಡತ ತೆಗೆಯಲೇಬೇಕು.

ಈ ಬರಹದಲ್ಲಿ ಶಾಲಾ ಕೊಠಡಿಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ.

ಹಂತ 2: ಸರಿಯಾದ ಪುಸ್ತಕ ತೆರೆಯಿರಿ

ಸಂವಿಧಾನದ 202ನೇ ವಿಧಿಯಂತೆ ಪ್ರತಿ ವರ್ಷ ವಾರ್ಷಿಕ ಹಣಕಾಸು ತಖ್ತೆಯನ್ನು ಶಾಸನಸಭೆಯ ಮುಂದಿಡಬೇಕು. ನಾವು ಬಜೆಟ್ ಎನ್ನುವುದು ಅದನ್ನೇ. ಜೊತೆಗೆ ಹತ್ತಾರು ಸಂಪುಟಗಳು ಬರುತ್ತವೆ. ಎಲ್ಲವೂ ಆರ್ಥಿಕ ಇಲಾಖೆಯ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತವೆ.

ಭಾಷಣವನ್ನು ಎಲ್ಲರೂ ಓದುತ್ತಾರೆ, ಆದರೆ ಹಣ ಭಾಷಣದಲ್ಲಿ ಇರುವುದಿಲ್ಲ. ಭಾಷಣದಲ್ಲಿ ಬಂದು ಪುಸ್ತಕದಲ್ಲಿ ಸಾಲೇ ಇಲ್ಲದ ಘೋಷಣೆಗಳಿವೆ. ಸಾಲಿದ್ದರೂ ಹೆಸರಿಗಷ್ಟೇ ಒಂದಿಷ್ಟು ಲಕ್ಷ ಇಟ್ಟ ಘೋಷಣೆಗಳೂ ಇವೆ. ನಮ್ಮ ಭಾಗದವರಿಗೆ ನವಲಿ ಸಮತೋಲನ ಜಲಾಶಯದ ಹೆಸರು ಗೊತ್ತು. ಹೂಳು ತುಂಬಿ ತುಂಗಭದ್ರಾ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105 ಟಿಎಂಸಿಗೆ ಇಳಿದಿದೆ, ಅದಕ್ಕೆ ಪರಿಹಾರ ಎಂದು ಹೇಳಿಕೊಂಡು ಬಂದ ಯೋಜನೆ ಅದು. ಒಂದಕ್ಕಿಂತ ಹೆಚ್ಚು ಬಜೆಟ್‌ಗಳಲ್ಲಿ ಅದರ ಮಾತು ಬಂದಿದೆ. ಆಂಧ್ರಪ್ರದೇಶ, ತೆಲಂಗಾಣ ಒಪ್ಪದೆ ಕೆಲಸ ಮುಂದೆ ಹೋಗದು. ಅಂಥ ಯೋಜನೆಯಲ್ಲಿ ಘೋಷಿಸಿದ ಮೊತ್ತ ಎಷ್ಟೇ ದೊಡ್ಡದಿರಲಿ, ಖರ್ಚಾಗುವುದು ವರದಿ ಬರೆಯುವುದಕ್ಕೆ ಬೇಕಾದಷ್ಟು ಮಾತ್ರ.

ನಿಮಗೆ ಬೇಕಾದದ್ದು ಮುಖ್ಯವಾಗಿ ಮೂರು. ಮೊದಲನೆಯದು, ಇಲಾಖಾವಾರು ವೆಚ್ಚದ ವಿವರವಾದ ಅಂದಾಜುಗಳ ಸಂಪುಟ. ಕರ್ನಾಟಕದ ಬಜೆಟ್‌ನಲ್ಲಿ ಇಲಾಖಾವಾರು ಅನುದಾನದ 29 ಬೇಡಿಕೆಗಳಿವೆ, ಪ್ರತಿಯೊಂದಕ್ಕೂ ಒಂದು ಸಂಖ್ಯೆ: ಶಿಕ್ಷಣ 17, ಲೋಕೋಪಯೋಗಿ 20, ಜಲಸಂಪನ್ಮೂಲ 21, ಆರೋಗ್ಯ 22, ಗ್ರಾಮೀಣಾಭಿವೃದ್ಧಿ 7. ಎರಡನೆಯದು, ಜಿಲ್ಲಾ ಮತ್ತು ತಾಲೂಕು ಪಂಚಾಯಿತಿಗಳಿಗೆ ಹೋಗುವ ಹಣವನ್ನು ಜಿಲ್ಲಾವಾರು ಬಿಡಿಸಿ ತೋರಿಸುವ ಲಿಂಕ್ ಪುಸ್ತಕ. ಮೂರನೆಯದು ಅನುಬಂಧ-ಇ. ಲೋಕೋಪಯೋಗಿ ಮೊದಲಾದ ಇಲಾಖೆಗಳ ಕಾಮಗಾರಿಗಳು ಅದರಲ್ಲಿ ಹೆಸರು ಸಮೇತ ಇರುತ್ತವೆ. ಊರ ರಸ್ತೆ, ಸೇತುವೆ ಹುಡುಕುವವರು ನೇರವಾಗಿ ಅಲ್ಲಿಗೇ ಹೋಗಬಹುದು.

ಇಲ್ಲಿ ಒಂದು ಎಚ್ಚರಿಕೆ. ಭಾಷಣ ಕೋಟಿಯಲ್ಲಿ ಮಾತಾಡುತ್ತದೆ, ವಿವರವಾದ ಸಂಪುಟ ಲಕ್ಷದಲ್ಲಿ. ಪುಟದ ಮೇಲ್ಭಾಗದಲ್ಲಿ ಬರೆದಿರುವುದನ್ನು ನೋಡದೆ ಲೆಕ್ಕ ಹಾಕಿದರೆ ನೂರು ಪಟ್ಟು ತಪ್ಪುತ್ತದೆ.

ಹಂತ 3: ಲೆಕ್ಕಶೀರ್ಷಿಕೆಯ ಅಂಕಿಗಳನ್ನು ಬಿಡಿಸಿ

ಪ್ರತಿ ಸಾಲಿನ ಮುಂದೆ ಉದ್ದದ ಒಂದು ಸಂಖ್ಯೆ ಇರುತ್ತದೆ. ಅದೇ ಲೆಕ್ಕಶೀರ್ಷಿಕೆ. ಯೋಜನೆಯ ಹೆಸರು ಸರ್ಕಾರ ಬದಲಾದಂತೆ ಬದಲಾಗಬಹುದು, ಸಂಖ್ಯೆ ಅಷ್ಟು ಸುಲಭವಾಗಿ ಬದಲಾಗದು. ಹಾಗಾಗಿ ಸಂಖ್ಯೆಯನ್ನು ಬೆನ್ನತ್ತಿ.

ಮೊದಲ ನಾಲ್ಕು ಅಂಕಿಗಳು ಪ್ರಧಾನ ಲೆಕ್ಕಶೀರ್ಷಿಕೆ. ಮೊದಲ ಅಂಕಿಯೇ ಬಹಳಷ್ಟು ಹೇಳುತ್ತದೆ. 0 ಅಥವಾ 1 ಇದ್ದರೆ ರಾಜಸ್ವ ಸ್ವೀಕೃತಿ. 2 ಅಥವಾ 3 ಇದ್ದರೆ ಸಂಬಳ, ನಿರ್ವಹಣೆ, ಸಹಾಯಧನದಂಥ ರಾಜಸ್ವ ವೆಚ್ಚ. 4 ಅಥವಾ 5 ಬಂಡವಾಳ ವೆಚ್ಚ, ಅಂದರೆ ಆಸ್ತಿ ಕಟ್ಟುವ ಹಣ. 6 ಮತ್ತು 7 ಸಾಲದ ಲೆಕ್ಕ. ಸಾಮಾನ್ಯ ಶಿಕ್ಷಣಕ್ಕೆ 2202, ಅದರ ಬಂಡವಾಳ ವೆಚ್ಚಕ್ಕೆ 4202. ವೈದ್ಯಕೀಯ ಮತ್ತು ಸಾರ್ವಜನಿಕ ಆರೋಗ್ಯಕ್ಕೆ 2210 ಮತ್ತು 4210. ನೀರು ಪೂರೈಕೆಗೆ 2215 ಮತ್ತು 4215. ರಸ್ತೆ, ಸೇತುವೆಗೆ 3054 ಮತ್ತು 5054. ಎರಡು ಸಾವಿರ ಕೂಡಿದರೆ ಬಂಡವಾಳದ ಜೋಡಿ ಸಿಗುತ್ತದೆ ಎಂಬುದನ್ನು ಗಮನಿಸಿದಿರಲ್ಲ? ಹುಡುಕುವಾಗ ಇದು ಬಹಳ ನೆರವಾಗುತ್ತದೆ.

ನಂತರದ ಎರಡು ಅಂಕಿ ಉಪವಿಭಾಗ. 2202-01 ಎಂದರೆ ಪ್ರಾಥಮಿಕ ಶಿಕ್ಷಣ, 02 ಎಂದರೆ ಪ್ರೌಢ ಶಿಕ್ಷಣ. ಆಮೇಲಿನ ಮೂರು ಅಂಕಿ ನಮ್ಮಂಥವರಿಗೆ ಅತಿ ಮುಖ್ಯ, ಏಕೆಂದರೆ ಖರ್ಚು ಮಾಡುವವರು ಯಾರು ಎಂಬುದು ಅಲ್ಲಿ ತಿಳಿಯುತ್ತದೆ. 196 ಇದ್ದರೆ ಜಿಲ್ಲಾ ಪಂಚಾಯಿತಿ, 197 ಇದ್ದರೆ ತಾಲೂಕು ಪಂಚಾಯಿತಿ, 198 ಇದ್ದರೆ ಗ್ರಾಮ ಪಂಚಾಯಿತಿ. ಹಣ 197ರಲ್ಲಿ ಇದ್ದರೆ ಬೆಂಗಳೂರಿಗೆ ಅರ್ಜಿ ಹಾಕಿ ಕಾಲ ಕಳೆಯುವುದು ಬೇಡ, ತಾಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಯ ಕಚೇರಿಗೆ ಹೋಗಿ.

ಪಂಚಾಯಿತಿಗೆ ಅನುದಾನವಾಗಿ ಕೊಟ್ಟ ಹಣದಲ್ಲಿ ಕಟ್ಟಡ ಕಟ್ಟಿದರೂ ರಾಜ್ಯದ ಲೆಕ್ಕದಲ್ಲಿ ಅದು ರಾಜಸ್ವ ವೆಚ್ಚವಾಗಿಯೇ ಕಾಣುತ್ತದೆ. ಆದ್ದರಿಂದ "4202ರಲ್ಲಿ ನಮ್ಮ ಶಾಲೆ ಕಾಣಲಿಲ್ಲ" ಎಂದು ನಿಲ್ಲಿಸಬೇಡಿ, 2202ರ ಪಂಚಾಯಿತಿ ಸಾಲುಗಳನ್ನೂ ನೋಡಿ.

ಕೊನೆಯ ಮೂರು ಅಂಕಿ ಹಣ ಯಾವ ಬಗೆಯ ಖರ್ಚಿಗೆ ಎಂಬುದನ್ನು ಹೇಳುತ್ತವೆ. ಅವುಗಳಲ್ಲಿ 422 ಮತ್ತು 423 ಕಂಡರೆ ಅಲ್ಲೇ ನಿಲ್ಲಿ. 422 ಪರಿಶಿಷ್ಟ ಜಾತಿ ಉಪಯೋಜನೆಯ ಹಣ, 423 ಗಿರಿಜನ ಉಪಯೋಜನೆಯ ಹಣ. 2013ರ ಕರ್ನಾಟಕ ಕಾಯ್ದೆಯಂತೆ ಜನಸಂಖ್ಯೆಗೆ ತಕ್ಕ ಪಾಲು, ಅಂದರೆ ಪರಿಶಿಷ್ಟ ಜಾತಿಗೆ ಶೇ 17.15 ಮತ್ತು ಪಂಗಡಕ್ಕೆ ಶೇ 6.95, ಒಟ್ಟು ಶೇ 24.1 ಈ ಸಮುದಾಯಗಳಿಗೇ ಹೋಗಬೇಕು. ರಾಯಚೂರು, ಬಳ್ಳಾರಿಯಲ್ಲಿ ಪರಿಶಿಷ್ಟ ಪಂಗಡದವರ ಪಾಲು ರಾಜ್ಯದ ಸರಾಸರಿಗಿಂತ ಬಹಳ ಹೆಚ್ಚು. ಹೀಗಾಗಿ ಈ ಎರಡು ಸಂಖ್ಯೆಗಳ ಹಣ ನಮ್ಮ ಜಿಲ್ಲೆಗಳಿಗೆ ಜೀವನಾಡಿ. ಯಾವ ಕೇರಿಗೆ, ಯಾವ ಹಟ್ಟಿಗೆ ಹೋಯಿತು ಎಂದು ಕೇಳುವ ಹಕ್ಕು ಆ ಕೇರಿಯವರಿಗೆ ಎಲ್ಲರಿಗಿಂತ ಮೊದಲು ಇದೆ.

ಹಂತ 4: ನಾಲ್ಕು ಕಾಲಂಗಳನ್ನು ಅಡ್ಡಲಾಗಿ ಓದಿ

ಪ್ರತಿ ಸಾಲಿನಲ್ಲೂ ನಾಲ್ಕು ಮೊತ್ತಗಳಿರುತ್ತವೆ. 2025-26ರ ಪುಸ್ತಕದಲ್ಲಾದರೆ 2023-24ರ ಲೆಕ್ಕ, 2024-25ರ ಆಯವ್ಯಯ ಅಂದಾಜು, 2024-25ರ ಪರಿಷ್ಕೃತ ಅಂದಾಜು (ವರ್ಷದ ನಡುವೆ ತಿದ್ದಿದ್ದು), 2025-26ರ ಆಯವ್ಯಯ ಅಂದಾಜು. ಮೊದಲನೆಯದು ನಿಜವಾಗಿ ಖರ್ಚಾದದ್ದು. ಉಳಿದ ಮೂರೂ ಅಂದಾಜುಗಳೇ.

ಪತ್ರಿಕೆಗಳು ನಾಲ್ಕನೆಯದನ್ನು ಬರೆಯುತ್ತವೆ. ನೀವು ಎರಡನೆಯದನ್ನೂ ಮೂರನೆಯದನ್ನೂ ಹೋಲಿಸಿ. ಒಂದು ಸಾಲಿಗೆ ಮೊದಲು 80 ಕೋಟಿ ಇಟ್ಟು, ಪರಿಷ್ಕೃತ ಅಂದಾಜಿನಲ್ಲಿ 52 ಕೋಟಿಗೆ ಇಳಿಸಿ, ಮುಂದಿನ ವರ್ಷಕ್ಕೆ ಮತ್ತೆ 85 ಕೋಟಿ ಎಂದು ಬರೆದಿದ್ದಾರೆ ಎನ್ನಿ. ಭಾಷಣದಲ್ಲಿ ಇದು 5 ಕೋಟಿ ಹೆಚ್ಚಳ ಎಂದೇ ಬರುತ್ತದೆ. ವರ್ಷದ ನಡುವೆ 28 ಕೋಟಿ ಕಡಿತವಾದದ್ದು ಯಾರ ಬಾಯಲ್ಲೂ ಬರುವುದಿಲ್ಲ. ಮೂರು ವರ್ಷದ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಸಾಲಿನ ಅಂದಾಜನ್ನೂ ಅಂತಿಮ ಲೆಕ್ಕವನ್ನೂ ಬರೆದುಕೊಂಡರೆ ಇದು ಒಮ್ಮೆ ಆದದ್ದೋ, ಚಾಳಿಯೋ ಎಂದು ಗೊತ್ತಾಗುತ್ತದೆ. ಬೆಲೆ ಏರಿಕೆಯನ್ನೂ ಕಳೆಯಿರಿ. ಸಿಮೆಂಟು, ಕಬ್ಬಿಣ, ಕೂಲಿ ನೂರಕ್ಕೆ ಐದು ಏರಿದ ವರ್ಷ ಅನುದಾನ ನೂರಕ್ಕೆ ನಾಲ್ಕು ಏರಿದ್ದರೆ ಕೊಠಡಿಗಳ ಸಂಖ್ಯೆ ಕಡಿಮೆಯಾಗುತ್ತದೆ.

ಹಣ ಏಕೆ ಕಡಿತವಾಗುತ್ತದೆ ಎಂದು ತಿಳಿಯಲು ಒಟ್ಟು ಚಿತ್ರದ ಮೂರು ಅಂಕಿ ಸಾಕು. 2025-26ರ ಅಂದಾಜಿನಲ್ಲಿ ರಾಜಸ್ವ ಕೊರತೆ (ದಿನನಿತ್ಯದ ಆದಾಯಕ್ಕಿಂತ ದಿನನಿತ್ಯದ ಖರ್ಚು ಹೆಚ್ಚಾದಷ್ಟು) 19,262 ಕೋಟಿ, ವಿತ್ತೀಯ ಕೊರತೆ (ಆ ವರ್ಷ ಸಾಲ ಮಾಡಿ ತುಂಬಬೇಕಾದದ್ದು) ರಾಜ್ಯದ ಒಟ್ಟು ಉತ್ಪನ್ನದ ಶೇ 2.95, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಎಲ್ಲ ಸಾಲ) ಶೇ 24.91. ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಮಿತಿ ವಿತ್ತೀಯ ಕೊರತೆಗೆ ಶೇ 3, ಒಟ್ಟು ಹೊಣೆಗಾರಿಕೆಗೆ ಶೇ 25. ಎರಡರಲ್ಲೂ ಸರ್ಕಾರ ಅಂಚಿಗೆ ಬಂದು ನಿಂತಿದೆ. ತೆರಿಗೆ ಸ್ವಲ್ಪ ಕಡಿಮೆ ಬಂದರೂ ಏನನ್ನಾದರೂ ಕಡಿಯಲೇಬೇಕು. ಸಂಬಳ, ಪಿಂಚಣಿ, ಬಡ್ಡಿ ಕಡಿಯಲಾಗದು. ಐದು ಗ್ಯಾರಂಟಿಗಳಿಗೆ ಇಟ್ಟ 51,034 ಕೋಟಿ, ಅಂದರೆ ಬಜೆಟ್ಟಿನ ಸುಮಾರು ಎಂಟನೇ ಒಂದು ಭಾಗ, ಮನೆಮನೆ ತಲುಪುವ ಹಣ, ಅದನ್ನೂ ಮುಟ್ಟುವುದು ಸುಲಭವಲ್ಲ. ಕತ್ತರಿ ಬೀಳುವುದು ಬಹುಮಟ್ಟಿಗೆ ಕಾಮಗಾರಿಗಳ ಮೇಲೆ. ನನ್ನ ತಕರಾರು ಗ್ಯಾರಂಟಿಗಳ ಮೇಲಲ್ಲ. ಎರಡು ಸಾವಿರ ರೂಪಾಯಿ ಕೈಗೆ ಬಂದಾಗ ಮಸ್ಕಿಯ ಕೂಲಿ ಕುಟುಂಬದಲ್ಲಿ ಏನಾಗುತ್ತದೆ ಎಂದು ನಮಗೆ ಗೊತ್ತಿದೆ. ಆದರೆ ಕತ್ತರಿ ಯಾವ ಜಿಲ್ಲೆಯ ಮೇಲೆ ಹೆಚ್ಚು ಬೀಳುತ್ತದೆ ಎಂಬುದನ್ನು ನಾವೇ ಎಣಿಸಬೇಕು.

ಹಂತ 5: ಜಿಲ್ಲೆಯ ಪಾಲು ಅಳೆಯಿರಿ

2011ರ ಜನಗಣತಿಯಂತೆ ರಾಜ್ಯದ ಜನಸಂಖ್ಯೆ 6.11 ಕೋಟಿ. ರಾಯಚೂರು ಜಿಲ್ಲೆಯದು 19.28 ಲಕ್ಷ, ಅಂದರೆ ಶೇ 3.16. ಕೊಪ್ಪಳದ್ದು 13.9 ಲಕ್ಷ, ಶೇ 2.27. ಬಳ್ಳಾರಿಗೆ ಈ ಲೆಕ್ಕ ಹಾಕುವಾಗ ಆಗಿನ ಅಂಕಿಯಲ್ಲಿ ಈಗಿನ ವಿಜಯನಗರ ಜಿಲ್ಲೆಯೂ ಸೇರಿದೆ ಎಂಬುದು ನೆನಪಿರಲಿ. 2021ರ ಹಿಂದಿನ ಮತ್ತು ನಂತರದ ಅನುದಾನವನ್ನು ಹಾಗೆಯೇ ಹೋಲಿಸಿದರೆ ಬಳ್ಳಾರಿಗೆ ಅರ್ಧದಷ್ಟು ಕಡಿತವಾದಂತೆ ಕಾಣುತ್ತದೆ.

ಲಿಂಕ್ ಪುಸ್ತಕದಲ್ಲಿ ನಿಮ್ಮ ಸಾಲಿನ ರಾಜ್ಯದ ಒಟ್ಟು ಮೊತ್ತವನ್ನೂ ಜಿಲ್ಲೆಯ ಮೊತ್ತವನ್ನೂ ತೆಗೆದುಕೊಂಡು ಶೇಕಡಾ ಹಾಕಿ. ರಾಯಚೂರಿಗೆ ಶೇ 3.16ಕ್ಕಿಂತ ಕಡಿಮೆ ಬಂದಿದ್ದರೆ ಜನಸಂಖ್ಯೆಯ ಪಾಲೂ ಸಿಕ್ಕಿಲ್ಲ ಎಂದರ್ಥ. ಸರಿಯಾಗಿ ಅಷ್ಟೇ ಬಂದಿದ್ದರೂ ಸಮಾಧಾನಪಡುವಂತಿಲ್ಲ. ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಆಗಿನ 175 ತಾಲೂಕುಗಳಲ್ಲಿ 114ನ್ನು ಹಿಂದುಳಿದವು ಎಂದು ಗುರುತಿಸಿತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಹಿಂದೆ ಉಳಿದವರು ಸಮಕ್ಕೆ ಬರಬೇಕಾದರೆ ಸಮಪಾಲು ಸಾಲದು.

ಇದಕ್ಕಾಗಿಯೇ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371-ಜೆ ವಿಧಿ ಬಂದದ್ದು. 98ನೇ ತಿದ್ದುಪಡಿಯ ಮೂಲಕ 2013ರ ಅಕ್ಟೋಬರ್ 1ರಿಂದ ಅದು ಜಾರಿಯಲ್ಲಿದೆ. ಅದರಡಿ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಬಂತು. ಮಂಡಳಿಯ ಕಾರ್ಯವೈಖರಿಯ ವರದಿ ಪ್ರತಿ ವರ್ಷ ವಿಧಾನಸಭೆಯ ಮುಂದೆ ಬರಬೇಕು. ಈಗಿನ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2022-23ರಲ್ಲಿ 3,000 ಕೋಟಿ ಘೋಷಣೆಯಾಗಿತ್ತು, 2025-26ರಲ್ಲಿ 5,000 ಕೋಟಿ. ದೊಡ್ಡ ಮೊತ್ತವೇ. ಆದರೆ ಬಜೆಟ್ ಗಾತ್ರದಲ್ಲಿ ಅದು ಶೇ 1.2ರಷ್ಟು, ಏಳು ಜಿಲ್ಲೆಗಳಿಗೆ ಹಂಚಬೇಕಾದದ್ದು.

ಇಲ್ಲಿ ಬಹಳ ಜನ ಎಡವುತ್ತಾರೆ. ಮಂಡಳಿಯ ಹಣ ಹೆಚ್ಚುವರಿ, ಇಲಾಖೆಯ ಮಾಮೂಲಿ ಹಣದ ಮೇಲೆ ಬರಬೇಕಾದದ್ದು. ಶಾಲಾ ಕೊಠಡಿ ಕೇಳಿದಾಗ "ಮಂಡಳಿಯಿಂದ ಮಾಡಿಸಿಕೊಳ್ಳಿ" ಎಂಬ ಉತ್ತರ ಬಂದರೆ ಎಚ್ಚರವಾಗಿ. ಮಂಡಳಿಯಿಂದ ಬಂದಷ್ಟನ್ನು ಇಲಾಖೆ ತನ್ನ ಕಡೆಯಿಂದ ಕಡಿಮೆ ಮಾಡಿದರೆ ಜಿಲ್ಲೆಗೆ ಸಿಕ್ಕದ್ದು ಸೊನ್ನೆ. ಪರೀಕ್ಷೆ ಹೀಗೆ: ಐದು ವರ್ಷಗಳಲ್ಲಿ ಜಿಲ್ಲೆಯ ಶಾಲಾ ಕಟ್ಟಡಗಳಿಗೆ ಶಿಕ್ಷಣ ಇಲಾಖೆಯ ಸ್ವಂತ ಲೆಕ್ಕಶೀರ್ಷಿಕೆಯಿಂದ ಬಂದದ್ದು ಒಂದು ಕಾಲಂ, ಮಂಡಳಿಯಿಂದ ಬಂದದ್ದು ಇನ್ನೊಂದು ಕಾಲಂ. ಎರಡನೆಯದು ಏರಿದಂತೆ ಮೊದಲನೆಯದು ಇಳಿದಿದ್ದರೆ ಶಾಸಕರ ಮುಂದೆ, ಮಾಧ್ಯಮದ ಮುಂದೆ ಇಡಬೇಕಾದ ಹಾಳೆ ಅದೇ. ಈ ಮಾರ್ಗದರ್ಶಿಯಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಪುರುಸೊತ್ತಿದ್ದರೆ ಇದನ್ನು ಮಾಡಿ ಎನ್ನುತ್ತೇನೆ.

ಹಂತ 6: ಬಿಡುಗಡೆ ಮತ್ತು ಖಜಾನೆ

ಖಜಾನೆಯಿಂದ ಹಣ ತೆಗೆಯಲು ಅನುಮತಿಸುವ ಧನವಿನಿಯೋಗ ವಿಧೇಯಕವನ್ನು ಸದನ ಒಪ್ಪಿದ ಮೇಲೂ ಹಣ ತಾನಾಗಿ ಹರಿಯುವುದಿಲ್ಲ. ಆರ್ಥಿಕ ಇಲಾಖೆ ಕಂತುಕಂತಾಗಿ ಬಿಡುಗಡೆ ಮಾಡುತ್ತದೆ, ಇಲಾಖೆ ಕೆಳಗಿನ ಕಚೇರಿಗಳಿಗೆ ಹಂಚುತ್ತದೆ, ಅಲ್ಲಿನ ಡಿಡಿಓ (ಹಣ ಸೆಳೆದು ಬಟವಾಡೆ ಮಾಡುವ ಅಧಿಕಾರಿ) ಖಜಾನೆ-2 ತಂತ್ರಾಂಶದಲ್ಲಿ ಬಿಲ್ ಸಲ್ಲಿಸುತ್ತಾರೆ. ಖಜಾನೆ ಪಾಸು ಮಾಡಿದ ಮೇಲೆ ಗುತ್ತಿಗೆದಾರರಿಗೋ ಸಂಸ್ಥೆಗೋ ಜಮೆಯಾಗುತ್ತದೆ. ಪ್ರತಿ ಬಿಡುಗಡೆ ಆದೇಶಕ್ಕೂ ಸಂಖ್ಯೆ, ತಾರೀಖು ಇರುತ್ತವೆ. ಅವನ್ನು ಬರೆದಿಟ್ಟುಕೊಳ್ಳಿ. ಕೊನೆಯ ಕಂತು ಮಾರ್ಚ್ ಕೊನೆಯ ವಾರದಲ್ಲಿ ಬಂದಿದ್ದರೆ ಹಣ ವಾಪಸಾಗಿರಬಹುದು, ಇಲ್ಲವೇ ತರಾತುರಿಯಲ್ಲಿ ಎಲ್ಲಿಗೋ ವರ್ಗವಾಗಿರಬಹುದು. ಎರಡನ್ನೂ ವಿಚಾರಿಸಬೇಕು.

ಖಜಾನೆಯಲ್ಲಿ "ವೆಚ್ಚ" ಎಂದು ಕಂಡರೆ ಕೆಲಸವಾಯಿತು ಎಂದಲ್ಲ. ಹಣ ಖಜಾನೆಯಿಂದ ಹೊರಟು ನಿಗಮದ ಬ್ಯಾಂಕ್ ಖಾತೆಗೋ, ಯೋಜನೆಯ ನೋಡಲ್ ಖಾತೆಗೋ, ಜಿಲ್ಲಾಧಿಕಾರಿಯ ಠೇವಣಿ ಖಾತೆಗೋ, ಕಾಮಗಾರಿ ವಹಿಸಿಕೊಂಡ ಸಂಸ್ಥೆಯ ಖಾತೆಗೋ ಸೇರಿದ ಕೂಡಲೇ ರಾಜ್ಯದ ಲೆಕ್ಕದಲ್ಲಿ ಅದು ಖರ್ಚು. ಅಲ್ಲಿ ಅದು ತಿಂಗಳುಗಟ್ಟಲೆ ಕೂತಿರಬಹುದು. ಕಣ್ಣಿಡುವವರು ಕಡಿಮೆಯಾಗುವುದೂ ಅಲ್ಲೇ. 2024ರಲ್ಲಿ ಬೆಳಕಿಗೆ ಬಂದ ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಪ್ರಕರಣ ಇದಕ್ಕೆ ಕಣ್ಣೆದುರಿನ ಸಾಕ್ಷಿ. ಪಂಗಡದ ಜನರ ಏಳಿಗೆಗೆ ಇಟ್ಟ ಕೋಟ್ಯಂತರ ರೂಪಾಯಿ ನಿಗಮದ ಬ್ಯಾಂಕ್ ಖಾತೆಯಿಂದ ಹೈದರಾಬಾದಿನ ಖಾತೆಗಳಿಗೆ ಅಕ್ರಮವಾಗಿ ವರ್ಗವಾದ ಆರೋಪ ಅದು. ನಿಗಮದ ಲೆಕ್ಕಪತ್ರ ವಿಭಾಗದ ನೌಕರರೊಬ್ಬರು ಜೀವ ಕಳೆದುಕೊಂಡರು, ಬಳ್ಳಾರಿ ಜಿಲ್ಲೆಯವರಾದ ಆಗಿನ ಸಚಿವರು ರಾಜೀನಾಮೆ ಕೊಟ್ಟರು, ಒಂದಕ್ಕಿಂತ ಹೆಚ್ಚು ಸಂಸ್ಥೆಗಳು ತನಿಖೆಗೆ ಇಳಿದವು. ಬಜೆಟ್ ಪುಸ್ತಕ ಮಾತ್ರ ನೋಡುವವರಿಗೆ ಅಂಥದ್ದು ಎಂದೂ ಕಾಣದು.

ಹಾಗಾಗಿ ನಿಗಮ, ಮಂಡಳಿ, ಸಂಸ್ಥೆಗೆ ಹೋದ ಹಣದ ವಿಷಯದಲ್ಲಿ ಮೂರು ದಾಖಲೆ ಕೇಳಲೇಬೇಕು: ವರ್ಷಾರಂಭ ಮತ್ತು ವರ್ಷಾಂತ್ಯದಲ್ಲಿ ಬ್ಯಾಂಕ್ ಖಾತೆಯ ಶಿಲ್ಕು, ಹಣಬಳಕೆ ಪ್ರಮಾಣಪತ್ರ, ಫಲಾನುಭವಿಗಳ ಅಥವಾ ಕಾಮಗಾರಿಗಳ ಪಟ್ಟಿ. ಮೂರೂ ಒಂದಕ್ಕೊಂದು ತಾಳೆಯಾಗಬೇಕು.

ಹಂತ 7: ಕಾಮಗಾರಿಯ ಕಾಗದಗಳು

ಈಗ ಕೊಠಡಿಗೆ ಬರೋಣ. ಹುಟ್ಟಿನಿಂದ ಮುಗಿಯುವವರೆಗೆ ಒಂದು ಕಾಮಗಾರಿ ಬಿಟ್ಟುಹೋಗುವ ಕಾಗದಗಳು ಇವು: ಕ್ರಿಯಾ ಯೋಜನೆ, ಆಡಳಿತಾತ್ಮಕ ಅನುಮೋದನೆ, ಅಂದಾಜು ಪಟ್ಟಿ ಮತ್ತು ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ, ಅಳತೆ ಪುಸ್ತಕ, ಬಿಲ್, ಗುಣಮಟ್ಟ ಪರೀಕ್ಷಾ ವರದಿ, ಪೂರ್ಣಗೊಂಡ ಪ್ರಮಾಣಪತ್ರ.

ಟೆಂಡರನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್‌ನಲ್ಲಿ ನೀವೇ ಹುಡುಕಬಹುದು. ಅಲ್ಲಿ ಸಿಗದಿದ್ದರೆ ಟೆಂಡರ್ ಕರೆಯದೆ ಸರ್ಕಾರಿ ಸಂಸ್ಥೆಗೆ ನೇರವಾಗಿ ವಹಿಸಿರಬಹುದು. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 4(ಜಿ) ಕಲಮಿನಡಿ ವಿನಾಯಿತಿ ಪಡೆದಿದ್ದರೆ ಆ ಆದೇಶದ ಪ್ರತಿ ಕೇಳಿ.

ಅಳತೆ ಪುಸ್ತಕ ಬಹಳ ಮುಖ್ಯ. ಜನ ಅದನ್ನು ಎಂಬಿ ಪುಸ್ತಕ ಎನ್ನುತ್ತಾರೆ. ಅಡಿಪಾಯದ ಆಳ, ಗೋಡೆಯ ಉದ್ದ, ಬಳಸಿದ ಕಬ್ಬಿಣ ಎಲ್ಲವೂ ಅದರಲ್ಲಿ ದಾಖಲಾಗಿರಬೇಕು. ಅದರ ಪ್ರತಿ ಕೈಯಲ್ಲಿ ಹಿಡಿದು, ಊರಿನ ಗೌಂಡಿಯೊಬ್ಬರನ್ನು ಕರೆದುಕೊಂಡು, ಟೇಪ್ ಹಿಡಿದು ಅಳೆಯಿರಿ. ಎಷ್ಟೋ ಎಂಜಿನಿಯರಿಂಗ್ ವಿವರ ನಮಗೆ ತಿಳಿಯದಿರಬಹುದು, ಇಪ್ಪತ್ತು ಅಡಿ ಎಂದು ಬರೆದದ್ದು ಹದಿನೆಂಟು ಅಡಿ ಇದ್ದರೆ ಯಾರಿಗೂ ತಿಳಿಯುತ್ತದೆ.

ಹಂತ 8: ಬಜೆಟ್ ಪುಸ್ತಕದಲ್ಲಿ ಕಾಣದ ಹಣ

ಬಳ್ಳಾರಿಯವರು ಇದನ್ನು ಗಮನವಿಟ್ಟು ಓದಬೇಕು. ಗಣಿ ಕಾಯ್ದೆಗೆ 2015ರಲ್ಲಿ ಆದ ತಿದ್ದುಪಡಿಯಂತೆ ಗಣಿಗಾರಿಕೆ ಇರುವ ಜಿಲ್ಲೆಗಳಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನ ಇದೆ. ಹಳೆಯ ಗುತ್ತಿಗೆದಾರರು ರಾಜಧನದ (ಅದಿರಿಗಾಗಿ ಸರ್ಕಾರಕ್ಕೆ ಕಟ್ಟುವ ಹಣದ) ಶೇ 30ರಷ್ಟನ್ನೂ ಹೊಸ ಹರಾಜಿನವರು ಶೇ 10ರಷ್ಟನ್ನೂ ಅದಕ್ಕೆ ಕೊಡಬೇಕು. ಸಂಡೂರಿನ ಕಬ್ಬಿಣದ ಅದಿರಿನಿಂದ ಬಳ್ಳಾರಿಯ ಪ್ರತಿಷ್ಠಾನಕ್ಕೆ ದೊಡ್ಡ ಮೊತ್ತ ಬರುತ್ತದೆ, ಹಟ್ಟಿ ಚಿನ್ನದ ಗಣಿಯಿಂದ ರಾಯಚೂರಿಗೂ ಪಾಲಿದೆ. ಈ ಹಣ ರಾಜ್ಯದ ಸಂಚಿತ ನಿಧಿಗೆ (ಸರ್ಕಾರದ ಮುಖ್ಯ ಖಾತೆಗೆ) ಹೋಗದೆ ಜಿಲ್ಲೆಯಲ್ಲೇ ಉಳಿಯುತ್ತದೆ. ಬಜೆಟ್ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ. ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂಥ ಆದ್ಯತೆಯ ಕೆಲಸಗಳಿಗೆ ಮೊದಲು ಕನಿಷ್ಠ ಶೇ 60 ಎಂದಿತ್ತು, 2024ರ ಮಾರ್ಗಸೂಚಿಯಲ್ಲಿ ಶೇ 70 ಎಂದಾಗಿದೆ. ಗಣಿ ದೂಳು ಕುಡಿಯುವ ಊರಿಗೆ ಎಷ್ಟು ಬಂತು, ಜಿಲ್ಲಾ ಕೇಂದ್ರದ ಕಟ್ಟಡಕ್ಕೆ ಎಷ್ಟು ಹೋಯಿತು ಎಂದು ಊರುವಾರು ಪಟ್ಟಿ ಕೇಳಿ.

ಇದರ ಜೊತೆಗೆ ಬಳ್ಳಾರಿ, ವಿಜಯನಗರ, ಚಿತ್ರದುರ್ಗ, ತುಮಕೂರಿನ ಗಣಿಬಾಧಿತ ಪ್ರದೇಶಗಳಿಗೆ ಸುಪ್ರೀಂ ಕೋರ್ಟ್ ಉಸ್ತುವಾರಿಯಲ್ಲಿ ನಡೆಯುವ ಪುನಶ್ಚೇತನ ಯೋಜನೆ ಇದೆ. ಅದಿರು ಮಾರಾಟದಿಂದ ಸಂಗ್ರಹವಾದ ಹಣವನ್ನು ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ನೋಡಿಕೊಳ್ಳುತ್ತದೆ. ಪ್ರತಿಷ್ಠಾನದ್ದೇ ಬೇರೆ, ನಿಗಮದ್ದೇ ಬೇರೆ. ಒಂದೇ ಕಾಮಗಾರಿ ಎರಡೂ ಕಡೆ, ಜೊತೆಗೆ ಮಂಡಳಿಯ ಪಟ್ಟಿಯಲ್ಲೂ ಕಾಣಿಸಿಕೊಂಡಿದೆಯೇ ಎಂದು ಹೋಲಿಸುವುದು ಬಹಳ ಅಗತ್ಯ.

ಗ್ರಾಮ ಪಂಚಾಯಿತಿಗೆ ಬರುವ ಹಣಕಾಸು ಆಯೋಗದ ಅನುದಾನ ಇನ್ನೊಂದು ಹಾದಿ. 15ನೇ ಆಯೋಗದ ಅನುದಾನದಲ್ಲಿ ಶೇ 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಪಂಚಾಯಿತಿ ಯಾರಿಗೆ ಎಷ್ಟು ಪಾವತಿಸಿತು ಎಂಬ ವೋಚರುಗಳು ಇ-ಗ್ರಾಮಸ್ವರಾಜ್ ಜಾಲತಾಣದಲ್ಲಿ ಸಿಗುತ್ತವೆ.

ಹಂತ 9: ಮನೆಗೆ ನೇರವಾಗಿ ಬರುವ ಹಣ

ಗೃಹಲಕ್ಷ್ಮಿಯಂಥ ಹಣ ಬಾರದಿದ್ದಾಗ ಜನ ಮೊದಲು ಓಡುವುದು ಬ್ಯಾಂಕಿಗೆ. ಅದಕ್ಕೂ ಮುಂಚೆ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲಿ ಆಧಾರ್ ಸಂಖ್ಯೆ ಹಾಕಿ ನೋಡಿ. ಯಾವ ಯೋಜನೆ, ಯಾವ ತಾರೀಖು, ಯಾವ ಬ್ಯಾಂಕ್ ಎಂಬುದು ಅಲ್ಲಿ ಕಾಣುತ್ತದೆ. ಆಧಾರ್ ಆಧಾರಿತ ಪಾವತಿ ಅರ್ಜಿಯಲ್ಲಿ ಬರೆದ ಖಾತೆಗೆ ಹೋಗುವುದಿಲ್ಲ, ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ ಹೋಗುತ್ತದೆ. ಹಳೆಯ, ಮರೆತ ಖಾತೆಯಲ್ಲಿ ಹಣ ಬಿದ್ದಿರುವ ಸಂದರ್ಭಗಳು ಇದರಿಂದಲೇ. ಅಲ್ಲೂ ಇಲ್ಲದಿದ್ದರೆ ಸರ್ಕಾರವೇ ಆ ತಿಂಗಳ ಕಂತು ಬಿಟ್ಟಿದೆಯೇ ಎಂದು ಕೇಳಿ. ಆಗ ದೋಷ ನಿಮ್ಮ ಕಾಗದದ್ದಲ್ಲ.

ಬೆಳೆ ಪರಿಹಾರಕ್ಕೆ ರೈತರ ಫ್ರೂಟ್ಸ್ ಐಡಿಯಲ್ಲಿ (ಸರ್ಕಾರದ ರೈತ ನೋಂದಣಿ ಸಂಖ್ಯೆಯಲ್ಲಿ) ಎಲ್ಲ ಸರ್ವೆ ನಂಬರುಗಳೂ ಸೇರಿರಬೇಕು. ಬರಬೇಕಾದ ಮೊತ್ತವನ್ನು ನೀವೇ ಲೆಕ್ಕ ಹಾಕಬಹುದು: 2022-26ರ ವಿಪತ್ತು ಪರಿಹಾರ ನಿಯಮದಂತೆ ಶೇ 33 ಅಥವಾ ಅದಕ್ಕಿಂತ ಹೆಚ್ಚು ಬೆಳೆ ಹಾನಿಯಾದರೆ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ, ಎರಡು ಹೆಕ್ಟೇರ್ ಮಿತಿಯವರೆಗೆ. ಮೂರು ಎಕರೆ ಮಳೆಯಾಶ್ರಿತ ತೊಗರಿ ಪೂರ್ತಿ ಹಾಳಾದವರಿಗೆ ಸುಮಾರು 10,300 ರೂಪಾಯಿ. ತೀರಾ ಕಡಿಮೆ ಬಂದಿದ್ದರೆ ಗ್ರಾಮ ಆಡಳಿತಾಧಿಕಾರಿಯ ಬಳಿ ಬೆಳೆ ಹಾನಿ ಪಟ್ಟಿಯಲ್ಲಿ ನಿಮ್ಮ ಹೆಸರಿನ ಮುಂದೆ ಎಷ್ಟು ವಿಸ್ತೀರ್ಣ ಬರೆದಿದೆ ಎಂದು ನೋಡಿ.

ಹಂತ 10: ಮಾಹಿತಿ ಹಕ್ಕು ಅರ್ಜಿ

ಕರ್ನಾಟಕದಲ್ಲಿ ಅರ್ಜಿ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಬಿಪಿಎಲ್ ಕುಟುಂಬಕ್ಕೆ ಅರ್ಜಿ ಶುಲ್ಕವಿಲ್ಲ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಈ ಎರಡು ನಿಯಮ ಮೀರಿದ್ದಕ್ಕೆ ತಿರಸ್ಕೃತವಾಗುವ ಅರ್ಜಿಗಳು ಬಹಳ. ಏಕೆ, ಹೇಗೆ ಎಂದು ಕೇಳಬೇಡಿ, ದಾಖಲೆ ಕೇಳಿ. ಶಾಲಾ ಕೊಠಡಿಗೆ ಅರ್ಜಿ ಹೀಗಿರಲಿ:

"2023-24ರಿಂದ 2025-26ರವರೆಗೆ (ಊರಿನ ಹೆಸರು) ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಕೊಠಡಿ ನಿರ್ಮಾಣ ಕಾಮಗಾರಿಗೆ ಸಂಬಂಧಿಸಿದ ಈ ದಾಖಲೆಗಳ ದೃಢೀಕೃತ ಪ್ರತಿ ಕೊಡಿ: 1. ಆಡಳಿತಾತ್ಮಕ ಅನುಮೋದನೆ ಆದೇಶ. 2. ಹಣ ಬಿಡುಗಡೆ ಆದೇಶಗಳು, ಲೆಕ್ಕಶೀರ್ಷಿಕೆ ಸಹಿತ. 3. ಅಂದಾಜು ಪಟ್ಟಿ. 4. ಕಾರ್ಯಾದೇಶ. 5. ಅಳತೆ ಪುಸ್ತಕದ ಸಂಬಂಧಿತ ಪುಟಗಳು. 6. ಪಾವತಿಸಿದ ಬಿಲ್‌ಗಳು. 7. ಹಣಬಳಕೆ ಪ್ರಮಾಣಪತ್ರ."

ಅರ್ಜಿ ತಪ್ಪು ಕಚೇರಿಗೆ ಹೋದರೂ ಚಿಂತೆಯಿಲ್ಲ, ಐದು ದಿನದೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸುವುದು ಅವರ ಕರ್ತವ್ಯ. 30 ದಿನದಲ್ಲಿ ಉತ್ತರ ಬರದಿದ್ದರೆ ನಂತರದ 30 ದಿನದೊಳಗೆ ಮೊದಲ ಮೇಲ್ಮನವಿ, ಅದರ ಮೇಲೆ 90 ದಿನದೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೂ ಇದೆ. ಇನ್ನೊಂದು ಹಕ್ಕು ಬಹಳ ಜನರಿಗೆ ಗೊತ್ತಿಲ್ಲ: ಕಾಯ್ದೆಯ 2(ಜೆ) ಕಲಮಿನಡಿ ಕಾಮಗಾರಿಯನ್ನೇ ಪರಿಶೀಲಿಸಬಹುದು, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿಯನ್ನೂ ಪಡೆಯಬಹುದು.

ಅರ್ಜಿ ಹಾಕುವ ಮುನ್ನ ವಿಧಾನಸಭೆಯ ಪ್ರಶ್ನೋತ್ತರಗಳನ್ನು ಹುಡುಕಿ. ಶಾಸಕರ ಪ್ರಶ್ನೆಗೆ ಸಚಿವರು ಕೊಟ್ಟ ಉತ್ತರದ ಅನುಬಂಧದಲ್ಲಿ ತಾಲೂಕುವಾರು, ಕೆಲವೊಮ್ಮೆ ಊರುವಾರು ಪಟ್ಟಿ ಕನ್ನಡದಲ್ಲೇ ಸಿಗುತ್ತದೆ.

ಹಂತ 11: ಸರಿಯಾದ ಹೊತ್ತಿಗೆ, ಸರಿಯಾದ ಜಾಗದಲ್ಲಿ ಇಡಿ

ಏಪ್ರಿಲ್‌ನಿಂದ ಜೂನ್‌ವರೆಗೆ ಕ್ರಿಯಾ ಯೋಜನೆಗಳು ಸಿದ್ಧವಾಗುವ ಕಾಲ, ಊರಿನ ಬೇಡಿಕೆ ಆಗ ಹೋಗಬೇಕು. ಮಳೆಗಾಲದ ಅಧಿವೇಶನ ಮತ್ತು ಬೆಳಗಾವಿಯ ಚಳಿಗಾಲದ ಅಧಿವೇಶನಗಳಲ್ಲಿ ಪೂರಕ ಅಂದಾಜುಗಳು, ಅಂದರೆ ಬಜೆಟ್ ನಂತರ ಸರ್ಕಾರ ಕೇಳುವ ಹೆಚ್ಚುವರಿ ಹಣದ ಪಟ್ಟಿಗಳು, ಬರುತ್ತವೆ. ಅವನ್ನು ಓದದೆ ವರ್ಷದ ಲೆಕ್ಕ ಪೂರ್ತಿಯಾಗದು. ಆಗಸ್ಟ್, ಸೆಪ್ಟೆಂಬರಿನಲ್ಲಿ ಗ್ರಾಮ ಪಂಚಾಯಿತಿಯ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಪುಸ್ತಕ, ವೋಚರುಗಳನ್ನು ಊರವರ ಮುಂದೆ ತೆರೆದಿಡಬೇಕಾದ ದಿನ ಅದು. ಕಾಗದದ ಮೇಲೆ ಅದನ್ನು ಮುಗಿಸಲು ಬಿಡಬೇಡಿ. ಡಿಸೆಂಬರ್, ಜನವರಿಯಲ್ಲಿ ಪರಿಷ್ಕೃತ ಅಂದಾಜು ರೂಪುಗೊಳ್ಳುತ್ತದೆ, ಹಣ ಉಳಿದಿದೆ ಎಂದು ತೋರಿಸಿ ಕೊಡುವಂತೆ ಒತ್ತಾಯಿಸಲು ಅದು ಕೊನೆಯ ಅವಕಾಶ.

2016ರಲ್ಲಿ ಆಯ್ಕೆಯಾಗಿದ್ದ ಜಿಲ್ಲಾ, ತಾಲೂಕು ಪಂಚಾಯಿತಿ ಸದಸ್ಯರ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯದೆ ಆ ಸಭಾಂಗಣಗಳಲ್ಲಿ ಪ್ರಶ್ನೆ ಕೇಳುವವರೇ ಇಲ್ಲದಂತಾಯಿತು. ಉಳಿದದ್ದು ಶಾಸಕರು, ಸಚಿವರು ಕೂತು ಇಲಾಖೆಗಳ ಕೆಲಸದ ಪ್ರಗತಿ ಪರಿಶೀಲಿಸುವ ಕೆಡಿಪಿ ಸಭೆ. ಅಲ್ಲಿ ಇಲಾಖೆಗಳು ಒಪ್ಪಿಸುವ ಪ್ರಗತಿ ವರದಿಯ ಪ್ರತಿ ಪಡೆದು ನಿಮ್ಮ ಕಾಮಗಾರಿಯ ಸಾಲು ಹುಡುಕಿ. ಶೇ 100 ಆರ್ಥಿಕ ಪ್ರಗತಿ ಎಂದು ಬರೆದಿದ್ದು ಶಾಲೆಯ ಅಂಗಳದಲ್ಲಿ ಪಿಲ್ಲರ್ ಮಾತ್ರ ನಿಂತಿದ್ದರೆ ಆ ಪುಟ, ಅಳತೆ ಪುಸ್ತಕದ ಪ್ರತಿ, ತಾರೀಖು ಕಾಣುವ ಫೋಟೊ ಮೂರನ್ನೂ ಒಟ್ಟಿಗೆ ಲಗತ್ತಿಸಿ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗೆ ದೂರು ಕೊಡಿ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಬರಬೇಡಿ. ಅದೇ ದೂರಿನ ಒಂದು ಪ್ರತಿಯನ್ನು ಬೆಂಗಳೂರಿನ ಮಹಾಲೇಖಪಾಲರ ಕಚೇರಿಗೂ ಕಳಿಸಬಹುದು, ನಿಮ್ಮ ಲೆಕ್ಕಶೀರ್ಷಿಕೆಯನ್ನು ಅವರ ಲೆಕ್ಕ ತಪಾಸಣೆಯವರು ಮುಂದೆ ತೆರೆದಾಗ ಕಡತದಲ್ಲಿ ಅದು ಸಿಗಲಿ.